ಮುಟ್ಟದ ಕಾಫಿ, ಸುಟ್ಟ ಹವಳ

"ನೀನು ಕೊಟ್ಟಿದ್ದೇ ರೋಗದ ಹವಳ," ಅಂತ ನಾಯಿಫ್ ಪ್ಲಾಸ್ಟಿಕ್ ಡಬ್ಬಿಯನ್ನು ಹವಳ, ಬಣ್ಣದ ಮೀನು ಮಾರುವ ನನ್ನ ಅಂಗಡಿಯ ಮೇಜಿನ ಮೇಲೆ ಕುಕ್ಕಿದ. ನಾನು ಉಂಗುರ ಬಿಚ್ಚಿಕೊಟ್ಟು ವರ್ಷವಾದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಡಬ್ಬಿಯ ಉಪ್ಪುನೀರಿನಲ್ಲಿ ಹವಳದ ಕೊಂಬೆ. ನಿಶ್ಚಿತಾರ್ಥದ ದಿನ ಅಂಗಡಿಯ ತೊಟ್ಟಿಯಿಂದ ನಾನೇ ಮುರಿದು ಕೊಟ್ಟದ್ದು. ಆಗ ನೇರಳೆಯಾಗಿತ್ತು, ಈಗ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಡಬ್ಬಿ ಎತ್ತಿ ನೋಡಿದೆ, ಜೀವ ಇನ್ನೂ ಇತ್ತು.

ನಮ್ಮ ಈ ಅರಬ್ ಬಂದರೂರು ಅಕಾಬಾದಲ್ಲಿ ಬಾಗಿಲಿಗೆ ಬಂದವನು ಶತ್ರುವಾದರೂ ಕಾಫಿ ಕೊಡಲೇಬೇಕು. ಬಟ್ಟಲಿಗೆ ಸುರಿದು ತಳ್ಳಿದೆ. ಅವನು ಮುಟ್ಟದೆ ಪಕ್ಕಕ್ಕಿಟ್ಟ. ಮೂಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಫಿದ್ದಾ ದೊಡ್ಡಮ್ಮ ಕಣ್ಣು ತೆರೆದಳು.

"ಏನೋ ಕೇಳೋಕೆ ಬಂದಿದ್ದಾನೆ ಕಣೇ ರುದೈನಾ. ನಡೆಸಿಕೊಡೋ ತನಕ ಕುಡಿಯಲ್ಲ. ನಿನ್ನನ್ನ ಕೇಳೋಕೆ ಬಂದಾಗ್ಲೂ ಇವರಪ್ಪ ಹೀಗೇ ಇಟ್ಟಿದ್ದ."

ಹವಳ ಉಳಿಸಿಕೊಡು ಅನ್ನುವುದಕ್ಕೂ ಇಷ್ಟು ಧಿಮಾಕೇ ಅಂದುಕೊಂಡೆ. ಅವನ ಮನೆಯ ತೊಟ್ಟಿ ಎಷ್ಟು ಆಳ ಅಂತ ಕೇಳಿದೆ. ಒಂದೂವರೆ ಗೇಣಂತೆ. ದೀಪ ಮಾತ್ರ ಹೊಸದು, ಆಳೆತ್ತರದ ತೊಟ್ಟಿಗೆ ಹಾಕುವಂಥದ್ದು. ನಮ್ಮ ಸಮುದ್ರದ ಬಿಸಿಲು ಕುಡಿದು ಬೆಳೆದ ಜೀವ, ಬಣ್ಣ ಇಳಿದದ್ದು ಬೆಳಕು ಸಾಲದೆ ಅಂತ ಇವನ ತೀರ್ಮಾನ. ಬಿಳಿಚಿದಷ್ಟೂ ದೀಪ ಏರಿಸುತ್ತ ಹೋಗಿದ್ದಾನೆ, ಪುಣ್ಯಾತ್ಮ.

"ಬೆಳಕು ಜಾಸ್ತಿಯಾಗಿ ಸುಟ್ಟಿರೋದು ಇದು. ಸುಟ್ಟ ಗಾಯಕ್ಕೆ ಕೆಂಡ ಇಡ್ತಾರಾ? ನಿನಗೆ ಎಲ್ಲಾನೂ ಪೂರ್ತಿಯೇ ಆಗಬೇಕು. ನಿಶ್ಚಿತಾರ್ಥ ಆದ ವಾರಕ್ಕೇ ಮದುವೆ ಹಾಲ್, ಹೊಸ ಮನೆ, ನಾನು ಅಂಗಡಿ ಮುಚ್ಚೋ ದಿನ, ಎಲ್ಲಾ ನೀನೇ ಗೊತ್ತು ಮಾಡಿಬಿಟ್ಟೆ. ಉಸಿರಾಡೋಕೆ ಬಿಟ್ಟೆಯಾ ನನ್ನ?"

"ಪ್ರೀತಿ ಮಾಡಿದ್ದು ತಪ್ಪಾ?"

"ಅಳತೆ ಇಲ್ಲದೆ ಮಾಡಿದ್ದು ತಪ್ಪು."

ಅವನ ಕಿವಿ ಕೆಂಪಾಯಿತು. ದೀಪವನ್ನು ಕಾಲು ಭಾಗಕ್ಕೆ ಇಳಿಸು, ತೊಟ್ಟಿಯ ಮೇಲೆ ಕಿಟಕಿಯ ಸೊಳ್ಳೆ ಜಾಲರಿ ನಾಲ್ಕು ಪದರ ಹಾಸು, ಹವಳ ಚೇತರಿಸಿಕೊಂಡ ಹಾಗೆಲ್ಲ ಒಂದೊಂದೇ ಪದರ ತೆಗೆ ಅಂದೆ. ಆತುರಪಟ್ಟು ಕೊಂದರೆ ಇನ್ನೊಂದು ಕೊಂಬೆ ಕೊಡುವುದಿಲ್ಲ ಅಂತಲೂ ಹೇಳಿದೆ. ಡಬ್ಬಿ ಎತ್ತಿಕೊಂಡು ದಡದಡ ಹೋದ.

ಆಮೇಲೆ ಪ್ರತಿ ಶುಕ್ರವಾರ ಫೋನಿನಲ್ಲಿ ಹವಳದ ಫೋಟೋ ಹಿಡಿದು ಜಗಳಕ್ಕೆ ಬರುತ್ತಿದ್ದ. ಇನ್ನೂ ಬಿಳಿಯೇ ಇದೆ, ನಿನ್ನದು ಅಂಗಡಿಯೋ ಮೋಸವೋ ಅನ್ನುತ್ತಿದ್ದ. ಬಂದರಿನಲ್ಲಿ ಹಡಗು ಎಳೆಯುವವನಿಗೆ ಹವಳದ ಸೂಕ್ಷ್ಮ ಎಲ್ಲಿ ತಿಳಿಯಬೇಕು ಅಂತ ನಾನೂ ಚುಚ್ಚುತ್ತಿದ್ದೆ. ನಾನು ಫೋಟೋ ನೋಡುವಾಗ ಅವನು ಉಂಗುರವಿಲ್ಲದ ನನ್ನ ಬೆರಳು ನೋಡುತ್ತಿದ್ದ. ತಲೆ ಎತ್ತಿದರೆ ಗೋಡೆ ಕಡೆ ತಿರುಗುತ್ತಿದ್ದ. ಕಾಫಿ ಮಾತ್ರ ಪ್ರತಿ ಸಲ ತಣ್ಣಗಾಗಿ ಮೋರಿ ಸೇರುತ್ತಿತ್ತು.

ಒಂದು ಶುಕ್ರವಾರ ಅವನಿಗಾಗಿ ಹೊಸ ಏಲಕ್ಕಿ ಕುಟ್ಟುತ್ತ ಕೂತಿದ್ದೇನೆ ಅಂತ ಅರಿವಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಕೊಂಬೆ ಸತ್ತರೆ ಇವನು ಬರುವುದಕ್ಕೆ ನೆಪ ಉಳಿಯುವುದಿಲ್ಲ. ನನ್ನ ಭಯ ಅದೇ ಆಗಿತ್ತು.

ಕೊನೆಗೊಂದು ದಿನ ಫೋಟೋದಲ್ಲಿ ಕೊಂಬೆಯ ತುದಿಗಳು ನೇರಳೆಯಾಗಿದ್ದವು. ಜಾಲರಿಯ ಒಂದು ಪದರ ಇನ್ನೂ ಹಾಗೇ ಇತ್ತು.

"ಇದನ್ನೂ ತೆಗೀಬಹುದಿತ್ತಲ್ಲ?"

"ಆತುರ ಬೇಡ ಅಂದಿದ್ದೆ ನೀನು."

ಫೋನು ಅವನ ಕೈಗೆ ವಾಪಸು ಕೊಟ್ಟೆ. "ಬದುಕಿತಲ್ಲ. ಕಾಫಿ ಕುಡಿದು ನಡಿ," ಅಂದೆ.

ಅವನು ಬಟ್ಟಲು ಮುಟ್ಟಲಿಲ್ಲ. "ನಾನು ಹವಳಕ್ಕೋಸ್ಕರ ಕಾಫೀನ ಮುಟ್ಟದೆ ಇಟ್ಟಿದ್ದು ಅಂತ ಯಾರು ಹೇಳಿದ್ರು ನಿನಗೆ? ಅಂಗಡಿ ಮುಚ್ಚೋದು ಬೇಡ. ಮದುವೆ ದಿನ ನೀನೇ ಹೇಳು. ಎಷ್ಟು ತಡ ಆದ್ರೂ ಕಾಯ್ತೀನಿ."

ದೊಡ್ಡಮ್ಮನ ಜಪಮಣಿ ನಿಂತಿತು. ನಾನು ಆರಿದ ಕಾಫಿ ಚೆಲ್ಲಿ ಹೊಸದಾಗಿ ಸುರಿದು ಅವನ ಕೈಗೇ ಕೊಟ್ಟೆ.

"ಕುಡಿ. ನಿಧಾನಕ್ಕೆ, ಬಿಸಿ ಇದೆ."

ಯಾವುದನ್ನಾದರೂ ಗಟಗಟನೆ ಮುಗಿಸುವ ಮನುಷ್ಯ ಆ ಪುಟ್ಟ ಬಟ್ಟಲು ಖಾಲಿ ಮಾಡಲು ಅಂಗಡಿ ಮುಚ್ಚುವ ಹೊತ್ತಿನವರೆಗೆ ತೆಗೆದುಕೊಂಡ. ನಾನೂ ಅವಸರ ಮಾಡಲಿಲ್ಲ.