ನಾಲ್ಕು ನಿಮಿಷದ ಸ್ಕೂಟರ್

ಬೆಳಿಗ್ಗೆ ಎಂಟಾದರೆ ಸಾಕು, ನಮ್ಮ ಬೀದಿಗೆ ದೆವ್ವ ಹಿಡಿಯುತ್ತಿತ್ತು. ದೊಡ್ಡ ರಸ್ತೆಯ ಸಿಗ್ನಲ್ ತಪ್ಪಿಸಲು ಊರಿನ ಗಾಡಿಗಳೆಲ್ಲ ಇಲ್ಲಿಗೇ ನುಗ್ಗುತ್ತಿದ್ದವು. ಒಂದು ವ್ಯಾನಿನ ಕನ್ನಡಿ ಬಡಿದು ಅಮ್ಮ ಬಿದ್ದಳು. ಅಂದಿನಿಂದ ಎದುರು ಮನೆಯ ಗೆಳತಿಯ ಹತ್ತಿರ ಹೋಗಬೇಡ ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದೆ. ಅಮ್ಮನ ಲೋಕವೇ ಅಷ್ಟು, ಗೇಟಿನಿಂದ ಗೇಟಿಗೆ ಇಪ್ಪತ್ತು ಹೆಜ್ಜೆ. ಅದನ್ನೂ ಕಿತ್ತುಕೊಂಡ ಪಾಪ ನನ್ನನ್ನು ಕೊರೆಯುತ್ತಿತ್ತು.

ಹೊಲಿಗೆ ಅಂಗಡಿಗೆ ಬೀಗ ಜಡಿದು ಮುನ್ಸಿಪಾಲಿಟಿಗೆ ಹೋಗಿ ಕೂಗಾಡಿದೆ.

“ಕೂಗಿದ್ರೆ ಏನೂ ಆಗಲ್ಲ, ಜನರ ಸಹಿ ಇರೋ ಅರ್ಜಿ, ಪುರಾವೆ ಎರಡೂ ತನ್ನಿ” ಎಂದಳು ಇಂಜಿನಿಯರಮ್ಮ. “ಬೀದಿಯ ಎರಡು ತುದೀಲೂ ಕೂತು ಗಾಡಿ ನಂಬರು, ಟೈಮು ಬರೀರಿ. ಒಂದು ಕಡೆ ಹೊಕ್ಕು ಸೀದಾ ಇನ್ನೊಂದು ಕಡೆ ಹೋದ್ರೆ ಅವರಿಗೆ ನಿಮ್ಮ ಬೀದೀಲಿ ಕೆಲ್ಸ ಇಲ್ಲ. ಅಂಥೋರು ಅರ್ಧಕ್ಕಿಂತ ಜಾಸ್ತಿ ಇದ್ರೆ ನಡುವೆ ಕಂಬ ಹಾಕಿಸ್ತೀನಿ. ಸ್ಕೂಟರ್ ಕೂಡ ತೂರಬಾರದು, ಜನ ಮಾತ್ರ ನಡೀಬೇಕು.”

ಒಂದು ತುದಿಯಲ್ಲಿ ನನ್ನ ಅಂಗಡಿ, ತಿರುವಿನಾಚೆಯ ನಮ್ಮ ಮನೆ ಅಲ್ಲಿಂದ ಕಾಣದು. ಇನ್ನೊಂದು ತುದಿಯಲ್ಲಿ ರಿಟೈರಾದ ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂತರು. ಮೂರು ದಿನ ಬರೆದೆವು.

ಆ ಮೂರು ದಿನವೂ ಮೋಟಾರು ರಿಪೇರಿಯವರು ಸ್ಕೂಟರಿನಲ್ಲಿ ನನ್ನ ಅಂಗಡಿ ಮುಂದೆ ಹಾದುಹೋದರು. ಎಂಟು ತಿಂಗಳ ಹಿಂದೆ ನನ್ನ ಮೆಷಿನ್ನಿನ ಮೋಟಾರು ಸರಿಮಾಡಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಚಿಂದಿ ಬಟ್ಟೆಯಲ್ಲಿ ನಾನೇ ಕಟ್ಟಿದ ಪಟ್ಟಿಯನ್ನು ನೋಡಿಕೊಳ್ಳುತ್ತಾ ಹೋದ ಮನುಷ್ಯ. ಈಗ ಹೆಲ್ಮೆಟ್ಟಿನ ಗಾಜನ್ನು ಹೆಬ್ಬೆರಳಲ್ಲಿ ಎತ್ತುತ್ತಿದ್ದರು. ಮೊದಲು ಅಂಗಡಿ ಬೋರ್ಡು ನೋಡುವರು, ಆಮೇಲೆ ನೇತುಹಾಕಿದ ರವಿಕೆಗಳನ್ನು. ಕೊನೆಗೆ, ಕಳ್ಳ ಬೆಕ್ಕು ಹಾಲಿನ ಕಡೆ ನೋಡುವ ಹಾಗೆ, ನನ್ನನ್ನು. ಗಾಜು ಟಪ್ಪೆಂದು ಮುಚ್ಚುತ್ತಿತ್ತು. ಆ ಹೊತ್ತಿಗೆ ನನ್ನ ಪೆನ್ನು ನಿಂತಿರುತ್ತಿತ್ತು.

ಮೂರನೆಯ ದಿನ ಸಂಜೆ ಎರಡು ಪಟ್ಟಿಗಳನ್ನೂ ಹೋಲಿಸುತ್ತಿದ್ದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

“ಏನಮ್ಮಾ ಇದು? ಎಲ್ರೂ ಒಂದೂವರೆ ನಿಮಿಷಕ್ಕೆ ಬೀದಿ ದಾಟವ್ರೆ. ಈ ಸ್ಕೂಟರಿಗೆ ಮಾತ್ರ ದಿನಾ ನಾಲ್ಕು ನಿಮಿಷ. ಆಮೆ ಮೇಲೆ ಹೋಗ್ತಾನಾ?”

ನಂಬರು ನೋಡಿದೆ. ಕೆನ್ನೆ ಬಿಸಿಯಾಯಿತು. ಮರುಕ್ಷಣ ತಲೆಯೂ ಬಿಸಿಯಾಯಿತು. ನಮ್ಮಮ್ಮನನ್ನು ಗೇಟಿನೊಳಗೆ ಕೂಡಿಹಾಕಿದ ಗಾಡಿಗಳಲ್ಲಿ ಇವರದೂ ಒಂದು!

ಮರುದಿನ ಅಳತೆಕೋಲು ಹಿಡಿದು ರಸ್ತೆಗೇ ಇಳಿದು ಸ್ಕೂಟರಿಗೆ ಅಡ್ಡ ನಿಂತೆ.

“ಏನ್ರೀ, ನಿಮಗೆ ಈ ಬೀದೀಲಿ ಏನು ಕೆಲ್ಸ? ನೀವೂ ಅಡ್ಡದಾರಿ ಹಿಡಿಯೋರಾ?”

“ಅಡ್ಡದಾರಿ ಹಿಡಿಯೋದು ಟೈಮ್ ಉಳಿಸೋಕಲ್ವಾ? ನನ್ನ ಅಂಗಡಿ ಇರೋದೇ ಬೇರೆ ದಿಕ್ಕಲ್ಲಿ. ಇಲ್ಲಿ ಸುತ್ಕೊಂಡು ಹೋದ್ರೆ ಕಾಲು ಗಂಟೆ ಜಾಸ್ತಿ.”

“ಮತ್ತೆ ನಾಲ್ಕು ನಿಮಿಷ ಎಲ್ಲಿ ಬೀಳ್ತೀರಿ?”

ಅವರು ಹೆಲ್ಮೆಟ್ ತೆಗೆದರು. ಕಿವಿಗಳು ಕೆಂಪಾಗಿದ್ದವು. “ನಿಮ್ಮಮ್ಮ ಗೇಟಲ್ಲಿ ಕಾಯ್ತಿರ್ತಾರೆ. ಸ್ಕೂಟರ್ ಅಡ್ಡ ನಿಲ್ಸಿ ದಾಟಿಸ್ತೀನಿ. ನಿಮಗೆ ಹೇಳ್ಬೇಡ ಅಂದಿದ್ರು. ಬೈತಾಳೆ ಅಂತ.”

ಬೈಯಬೇಕಿತ್ತು. ಅಳತೆಕೋಲು ಕೆಳಗಿಳಿಸಿದೆ. ನಾನು ಕಿತ್ತುಕೊಂಡಿದ್ದ ಇಪ್ಪತ್ತು ಹೆಜ್ಜೆಗಳನ್ನು ಈ ಮನುಷ್ಯ ದಿನಾ ಅವಳಿಗೆ ವಾಪಸ್ ಕೊಡುತ್ತಿದ್ದರು.

“ಕಂಬ ಹಾಕಿದ್ರೆ ಸ್ಕೂಟರ್ ಬರಲ್ಲ” ಎಂದೆ.

“ಗೊತ್ತು, ಅಮ್ಮ ಹೇಳಿದ್ರು. ಎಲ್ಲಿ, ನಿಮ್ಮ ಅರ್ಜಿ ಕೊಡಿ.”

ರವಿಕೆ ಕತ್ತರಿಸುವ ಹಲಗೆಯ ಮೇಲೆ ಅರ್ಜಿ ಇಟ್ಟು ಸಹಿ ಹಾಕಿದರು. ನನ್ನ ಕಡೆ ನೋಡಲಿಲ್ಲ.

ನೂರಕ್ಕೆ ಎಪ್ಪತ್ತು ಗಾಡಿಗಳಿಗೆ ನಮ್ಮ ಬೀದಿಯಲ್ಲಿ ಕೆಲಸವಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕಂಬಗಳು ಬಂದವು. ಬೀದಿ ಎಷ್ಟು ಸದ್ದಡಗಿತೆಂದರೆ ಅಂಗಡಿಯಲ್ಲಿ ಕೂತು ಕತ್ತರಿಯ ಸದ್ದು ಕೇಳಿದೆ. ಆದರೆ ನಾಲ್ಕು ದಿನ ಅವರ ಸುಳಿವೇ ಇಲ್ಲ. ಎರಡು ರವಿಕೆಗಳಿಗೆ ತೋಳು ತಿರುಗುಮುರುಗು ಹೊಲಿದೆ.

ಐದನೆಯ ದಿನ ಬೆಳಿಗ್ಗೆ, ಅಂಗಡಿಗೆ ಹೊರಟಾಗ, ಅಮ್ಮ ಗೇಟಿನಲ್ಲೇ ನಿಂತಿದ್ದಳು.

“ದಾಟಮ್ಮ, ಒಂದು ಸೈಕಲ್ಲೂ ಇಲ್ಲ.”

“ಅವ್ನು ಬರ್ಲಿ.”

“ಇನ್ನು ಅವರ್ಯಾಕೆ ಬರ್ತಾರೆ?”

“ನಂಗೇನು ಗೊತ್ತೇ? ನಾಲ್ಕು ದಿನದಿಂದ ನೀನೂ ಗೇಟ್ ಹತ್ರ ಬಂದು ಬಂದು ನೋಡ್ತಿದ್ದೀಯಲ್ಲ, ನೀನೇ ಹೇಳು.”

ಅಷ್ಟರಲ್ಲಿ ಕಂಬಗಳ ನಡುವಿನಿಂದ ಅವರು ನಡೆದು ಬಂದರು. ಸ್ಕೂಟರ್ ಮೂಲೆಯಲ್ಲಿ ಬಿಟ್ಟಿದ್ದರು. ಹೆಲ್ಮೆಟ್ ಮಾತ್ರ ಕಂಕುಳಲ್ಲಿತ್ತು. ನಾನು ರಸ್ತೆಯ ಮಧ್ಯಕ್ಕೇ ಹೋದೆ.

“ನಾಲ್ಕು ದಿನ ಎಲ್ಲಿ ಹಾಳಾಗಿ ಹೋಗಿದ್ರಿ?”

“ಅಮ್ಮನಿಗೆ ಇನ್ನು ನಾನು ಬೇಡ ಅಲ್ವಾ. ಬರೋಕೆ ನೆಪ ಹುಡುಕ್ತಿದ್ದೆ.”

“ಸಿಕ್ತಾ?”

“ಇಲ್ಲ. ಹಾಗೇ ಬಂದೆ.”

“ನೆಪ ಯಾಕ್ರೀ ಬೇಕು? ನಂಗೆ ನೀವು ಬೇಕು. ದಿನಾ ಬೇಕು. ಸಾಕಾ?”

ಹೆಲ್ಮೆಟ್ ಕೈಜಾರಿ ಉರುಳಿತು. ಇಬ್ಬರೂ ಬಗ್ಗಿದೆವು, ಹಣೆಗೆ ಹಣೆ ಬಡಿಯಿತು. ಅವರ ಬೆರಳಿನಲ್ಲಿ ಸೂಜಿ ಚುಚ್ಚಿದ ಪುಟ್ಟ ಕಲೆ ಇನ್ನೂ ಇತ್ತು. ಆ ಬೆರಳನ್ನೇ ಹಿಡಿದುಕೊಂಡೆ.

“ಏನ್ರಪ್ಪಾ!” ಎದುರು ಮನೆಯ ಗೇಟಿನಿಂದ ಅಮ್ಮನ ದನಿ. “ನಾನು ದಾಟಿದ್ದೂ ಆಯ್ತು. ನೀವಿನ್ನೂ ನಡುರಸ್ತೆಯಲ್ಲೇ ಇದ್ದೀರಲ್ಲ!”

ಇದ್ದೆವು. ಎಷ್ಟು ಹೊತ್ತೋ ಯಾರೂ ಬರೆದಿಡಲಿಲ್ಲ. ಯಾರೂ ಹಾರನ್ ಹೊಡೆಯಲಿಲ್ಲ.