ಮೊದಲ ಸಾಲಿನ ಮೇಲೊಂದು ಶ್ರೀ

"ಕೆಲಸ ಬರ್ದೇ ಇದ್ರೆ ಯಾಕ್ರೀ ಒಪ್ಕೋತೀರಾ?"

ಸಂಪಿಗೆ ರಸ್ತೆಯ ಆ ಪುಟ್ಟ ವೆಬ್ ಆಫೀಸಿನಲ್ಲಿ ತಲೆಗಳೆಲ್ಲ ಒಮ್ಮೆಲೇ ಎದ್ದವು. ತರಗುಪೇಟೆಯ ಬೇಳೆ ವ್ಯಾಪಾರಿ ಆಂಜಿನಯ್ಯನವರ ಮಗ ಅನಿರುದ್ಧ ತನ್ನ ಲ್ಯಾಪ್‌ಟಾಪನ್ನು ರಂಜಿನಿಯ ಮೇಜಿನ ಮೇಲೆ ಕುಕ್ಕಿದ್ದ.

ಎರಡು ತಿಂಗಳು ಕೂತು ಅವಳು ಮಾಡಿಕೊಟ್ಟಿದ್ದ ಅಂಗಡಿಯ ವೆಬ್ ಪುಟ! ತೊಗರಿಬೇಳೆಯ ಚಿತ್ರ ಹೆಸರುಬೇಳೆಯ ಮೇಲೆ ಹತ್ತಿ ಕೂತಿತ್ತು. ಅಕ್ಷರಗಳು ಚೌಕಟ್ಟು ದಾಟಿ ಚೆಲ್ಲಿದ್ದವು.

"ರಂಜಿನಿ, ಸಂಜೆಯೊಳಗೆ ಸರಿಯಾಗ್ಬೇಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡ," ಎಂದರು ಆಫೀಸಿನ ಒಡತಿ ಸುಪ್ರಜಾ.

ರಂಜಿನಿಯ ಕಣ್ಣು ತುಂಬಿತು. ಎರಡು ತಿಂಗಳೂ 'ಚೆನ್ನಾಗಿ ಮಾಡ್ತಿದೀರಿ' ಎಂದು ನಗುತ್ತಿದ್ದವನು ಇವನೇನಾ? ಒಂದು ಫೋನ್ ಮಾಡಿ ಕೇಳಬಾರದಿತ್ತಾ...?

ಪುಟದ ಹಿಂದಿನ ಕೋಡ್ ತೆರೆದಳು. ಮೊದಲ ಸಾಲು ನೋಡಿದಳು. ಅಳು ಅಲ್ಲೇ ನಿಂತಿತು. ಮೈಯೆಲ್ಲ ಉರಿಯಿತು!

"ಇಲ್ಲಿ 'ಶ್ರೀ' ಬರೆದವ್ರು ಯಾರ್ರೀ?"

ಯಾವತ್ತೂ ಪಿಸುಮಾತಿನ ಹುಡುಗಿ ಅಂದು ಗುಡುಗಿದ್ದಳು.

"ನಾನೇ... ಪುಟಕ್ಕೆ ಹೊಸ ಬೇಳೆ ಸೇರ್ಸೋದು ನೀವೇ ಕಲಿಸಿದ್ರಲ್ಲ. ನಿನ್ನೆ ಮೊದಲ್ನೇ ಸಲ ಮುಟ್ಟಿದ್ದು. ಶ್ರೀ ಹಾಕ್ದೆ ನಮ್ಮಲ್ಲಿ ಒಂದು ಚೀಟೀನೂ ಬರೆಯಲ್ಲ."

"ಇದು ಚೀಟಿ ಅಲ್ಲಾರೀ! ನೋಡಿ, ಇದು ಡಾಕ್‌ಟೈಪ್. ಎಲ್ಲಕ್ಕಿಂತ ಮೊದಲು ಇದೇ ಇರ್ಬೇಕು. ಪುಟದಲ್ಲಿ ಕಾಣ್ಸಲ್ಲ. ಆದ್ರೆ 'ಇದು ಈಗಿನ ಪುಟ, ಈಗಿನ ನಿಯಮದಲ್ಲೇ ಓದು' ಅಂತ ಬ್ರೌಸರ್‌ಗೆ ಹೇಳೋದು ಇದೇ. ಇದರ ಮೇಲೆ ಒಂದಕ್ಷರ ಬಂದ್ರೂ ಮುಗೀತು! ಯಾವುದೋ ಓಬೀರಾಯನ ಕಾಲದ ಪುಟ ಅಂದ್ಕೊಂಡು ಹಳೇ ರೀತೀಲಿ ಓದುತ್ತೆ!"

ಶ್ರೀ ಅಳಿಸಿದಳು. ಬೇಳೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು.

"ಶ್ರೀ ಬೇಕಿದ್ರೆ ಒಳಗೆ ಹಾಕ್ಕೊಡ್ತಿದ್ದೆ. ಬಾಯಿಬಿಟ್ಟು ಕೇಳೋಕೇನಾಗಿತ್ತು?"

ಅನಿರುದ್ಧನ ಮುಖ ಬಾಡಿತು. "ಮೇಡಂ, ತಪ್ಪು ನಂದು. ಇವರ್ದಲ್ಲ," ಎಂದ, ಎಲ್ಲರಿಗೂ ಕೇಳುವಂತೆ. ಸುಪ್ರಜಾ ತಲೆಯಾಡಿಸಿ ಒಳಗೆ ಹೋದರು.

ಕೆಲಸ ಉಳಿಯಿತು. ಕೋಪವೂ ಉಳಿಯಿತು! ರಂಜಿನಿ ಬ್ಯಾಗ್ ಎತ್ತಿಕೊಂಡು ದಡದಡನೆ ಮೆಟ್ಟಿಲಿಳಿದಳು. ಅವನು ಹಿಂದೆಯೇ ಓಡಿ ಬಂದ.

"ರೀ... ನಿಲ್ರೀ! ಬೆಳಗ್ಗೆ ಅಪ್ಪಂಗೆ ಪುಟ ತೋರ್ಸಿ, ಇದನ್ನ ಮಾಡಿದ ಹುಡುಗೀನೇ ನಂಗಿಷ್ಟ ಅಂತ ಹೇಳೋಣ ಅಂತಿದ್ದೆ. ತೆಗೆದ್ರೆ ಹಿಂಗಿತ್ತು. ಅಪ್ಪ ನಕ್ಬಿಟ್ರು... ತಡ್ಕೊಳೋಕಾಗ್ಲಿಲ್ಲ."

ಅವಳ ಹೆಜ್ಜೆ ನಿಂತಿತು.

"ಅದನ್ನ ಬಾಗಿಲಲ್ಲೇ ಹೇಳ್ಬೇಕಿತ್ತು! ಮೊದಲ ಮಾತೇ ಬೈಗುಳ ಆದ್ರೆ, ಆಮೇಲಿಂದೆಲ್ಲ ಹಂಗೇ ಓದ್ಕೊಳೋದು ನಾನು," ಎಂದಳು, ತಿರುಗದೆಯೇ.

"ಹಂಗಾದ್ರೆ... ಮೊದಲಿಂದ ಶುರು ಮಾಡ್ಲಾ?"

ಮೂಗಿನ ತುದಿಯ ಕೋಪ ಹಾಗೇ ಇತ್ತು. ತುಟಿ ಮಾತ್ರ ಮಾತು ಕೇಳದೆ ಅರಳಿತು.

"ಮಾಡಿ. ಶ್ರೀ ಹಾಕ್ಕೊಂಡೇ ಮಾಡಿ... ಇಲ್ಲಿ ಹಾಕ್ಬಹುದು."