ಲೊವ್ರೊ ಮುಚ್ಚಿದ ಕಂಡಿ

ಆ ಡಬ್ಬಿಯನ್ನು ಇವತ್ತು ತೆಗೆಯಲೇಬೇಕಿತ್ತು. ಸ್ಲೊವೇನಿಯದ ಸುಣ್ಣಕಲ್ಲಿನ ಗುಡ್ಡದೊಳಗಿನ ಗುಹೆಯಲ್ಲಿ ನೆಜಾ ಅದನ್ನು ವಸಂತದಲ್ಲಿ ಹೂತಿಟ್ಟಿದ್ದಳು. ಅದರೊಳಗಿಟ್ಟ ಕೊಳೆತ ಚೀಸಿನ ವಾಸನೆಗೆ ಬಂದು ಬೀಳುವ ಕಣ್ಣಿಲ್ಲದ ಜೀರುಂಡೆಗಳನ್ನು ಅಧ್ಯಯನಕ್ಕೆಂದು ಎಣಿಸಿ, ವಾರದೊಳಗೆ ಬಿಟ್ಟುಬಿಡುವ ಯೋಚನೆ. ಅಷ್ಟರಲ್ಲಿ ಅವಳ ಕಾಲು ಮುರಿಯಿತು. ಹುಳು ಕದ್ದು ಮಾರುವವರ ಭಯಕ್ಕೆ ಜಾಗವನ್ನು ಯಾರಿಗೂ ಹೇಳಿರಲಿಲ್ಲ. ಮೂಳೆ ಕೂಡಿಕೊಂಡಿದ್ದು ಈಗ, ಎಲೆ ಉದುರುವ ಕಾಲಕ್ಕೆ; ಅಲ್ಲಿಯವರೆಗೂ ಹುಳುಗಳು ಡಬ್ಬಿಗೆ ಬೀಳುತ್ತಲೇ ಇದ್ದವು. ಈ ಗುಹೆ ಬಿಟ್ಟರೆ ಆ ಹುಳುಗಳಿಗೆ ಬೇರೆ ಮನೆಯೇ ಇಲ್ಲ.

ಜೊತೆಗೆ ಮಾವ ಲೊವ್ರೊ ಬಂದ. ತಗ್ಗು ಸುರಂಗವನ್ನು ತೆವಳಿ ದಾಟಿ ಡಬ್ಬಿಯನ್ನು ಅಗೆದು ತೆಗೆದರು. ಬಹುಪಾಲು ಹುಳುಗಳು ಸತ್ತಿದ್ದವು. ತಳದ ಕಲ್ಲುಗಳ ನಡುವೆ ಆರೇ ಆರು, ಜೇನುಬಣ್ಣದ ಕಾಲು ಆಡಿಸುತ್ತಿದ್ದವು. ನೆಜಾಳಿಗೆ ಅಳು ಬಂತು.

"ಅಳೋದು ಆಮೇಲೆ. ನೀರಿನ ಸದ್ದು ಕೇಳ್ತಾ?" ಅಂದ ಲೊವ್ರೊ.

ಮೇಲೆ ಮಳೆ ಹೊಡೆಯುತ್ತಿತ್ತು. ತಿರುಗಿ ಓಡಿದರು. ಸುರಂಗ ಚಾವಣಿಯವರೆಗೂ ಮುಳುಗಿತ್ತು.

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಗೋಡೆ ಹಿಡಿದು ಚಾಚಿಕೊಂಡ ಬಂಡೆಯೊಂದನ್ನು ಹತ್ತಿ ಕುಳಿತರು. ನೀರು ಅಲ್ಲಿಗೂ ಏರುತ್ತಿತ್ತು.

"ಆ ಡಬ್ಬಿ ಮುಚ್ಚಮ್ಮ. ಮುಳುಗೋಕೆ ಮುಂಚೆ ವಾಸನೆಗೇ ಸಾಯ್ತೀನಿ."

"ನಿಮ್ಮ ಕಾಲುಚೀಲಕ್ಕಿಂತ ವಾಸಿ, ಮಾವ."

ನಗು ಇಬ್ಬರಿಗೂ ಬರಲಿಲ್ಲ. ಆಗಲೇ ತಲೆಯ ಮೇಲಿನ ಬಿರುಕಿನಿಂದ ಒಂದು ಜೀರುಂಡೆ ಮೀಸೆಯಾಡಿಸುತ್ತ ಇಳಿಯಿತು. ಹಿಂದೆಯೇ ಇನ್ನೊಂದು.

"ಮಾವ! ಚೀಸಿನ ವಾಸನೆ ಹಿಡಿದು ಮೇಲಿಂದ ಬರ್ತಿವೆ. ಅಂದ್ರೆ ಗಾಳಿ ಆ ಕಡೆ ಹೋಗ್ತಿದೆ. ದಾರಿ ಇದೆ!"

ಡಬ್ಬಿ ಸಮೇತ ಬಿರುಕಿಗೆ ನುಗ್ಗಿದರು. ಲೊವ್ರೊನ ಹೆಗಲು ಸಿಕ್ಕಿಕೊಂಡಿತು.

"ಉಸಿರು ಪೂರ್ತಿ ಬಿಡಿ!" ನೆಜಾ ಅವನ ಕೈ ಹಿಡಿದು ಎಳೆದಳು. ಅಂಗಿ ಹರಿಯಿತು, ಚರ್ಮವೂ ಹರಿಯಿತು. ಮೇಲಮೇಲಕ್ಕೆ ತೆವಳಿದರು. ಕೊನೆಗೆ ತಲೆಗೆ ತಗುಲಿದ್ದು ಪೇರಿಸಿದ ಕಲ್ಲುಗಳು. ಸಂದಿಯಲ್ಲಿ ಹಗಲು ಕಾಣುತ್ತಿತ್ತು.

"ಯಾವ ಅಯೋಗ್ಯ ಇದನ್ನ ಮುಚ್ಚಿದ್ದು!"

ಲೊವ್ರೊ ಕಲ್ಲುಗಳನ್ನು ಸವರಿ ನೋಡಿ ಹೇಳಿದ, "ನಾನೇ ಕಣಮ್ಮ. ನಮ್ಮ ಆಡು ಬಿದ್ದಿತ್ತಲ್ಲ, ಆಲೂಗಡ್ಡೆ ಹಾಕೋ ತಗ್ಗಿನಲ್ಲಿ, ಈ ಕಂಡಿಯೊಳಗೆ."

"ಗಟ್ಟಿಯಾಗಿ ಮುಚ್ಚಿದ್ರಾ?"

"ನಾನು ಅರ್ಧಂಬರ್ಧ ಕೆಲಸ ಮಾಡೋನಲ್ಲ."

ನೆಜಾ ಆರು ಹುಳುಗಳನ್ನೂ ಒದ್ದೆ ಬಿರುಕಿನೊಳಗೆ ಬಿಟ್ಟಳು. ಆಮೇಲೆ ಇಬ್ಬರೂ ಬೆರಳು ಕಿತ್ತುಬರುವ ಹಾಗೆ ಕಲ್ಲು ಕಿತ್ತರು. ಮಳೆ ಮುಖಕ್ಕೆ ಬಿತ್ತು. ಲೊವ್ರೊ ಆಲೂಗಡ್ಡೆ ಗಿಡಗಳ ಮೇಲೆ ಅಂಗಾತ ಮಲಗಿ, ಬದುಕಿದೆಯಾ ಬಡಜೀವವೇ ಎಂದು ನಕ್ಕ.

ಕಣ್ಣು ತೆರೆದರೆ ಸೊಸೆ ರಕ್ತ ಸುರಿಯುವ ಕೈಯಲ್ಲಿ ಕಲ್ಲನ್ನು ಕಂಡಿಗೆ ಮರಳಿ ಇಡುತ್ತಿದ್ದಾಳೆ!

"ನಿಂಗೆ ಹುಚ್ಚೇನೇ?"

"ತೆರೆದಿಟ್ರೆ ಒಳಗೆಲ್ಲ ಒಣಗಿಹೋಗುತ್ತೆ ಮಾವ, ಅವು ಸಾಯ್ತವೆ. ಮೊದಲು ಹೇಗೆ ಮುಚ್ಚಿದ್ರಿ, ಹೇಳ್ಕೊಡಿ."

ಲೊವ್ರೊ ನರಳುತ್ತ ಎದ್ದು, ದೊಡ್ಡ ಕಲ್ಲೊಂದನ್ನು ಆರಿಸಿ ಅವಳ ಕೈಗೆ ಕೊಟ್ಟ.